ಮೋಟಾರ್ ಹಚ್ಚಿದರೆ ಹರಿಯುವ ಬಚ್ಚಲು

ಬಚ್ಚಲ ನೀರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗಿಸುವುದರಲ್ಲಿ ಅಂಥದ್ದೇನಿದೆ? ಹಳೆಯ ಪೈಪು ಕೀಳಬೇಕು, ಹೊಸದು ಹಾಕಬೇಕು. ಒಂದು ಭಾನುವಾರದ ಕೆಲಸ. ಹೀಗೆಂದು ಮನೆಯವರೆಲ್ಲರ ಸಮಕ್ಷಮ ನಾನು ಘೋಷಿಸಿದಾಗ ನನ್ನ ಹೆಂಡತಿ ಸುಧಾ ಎದ್ದು ಹೋಗಿ ಮನೆಯಲ್ಲಿದ್ದ ಬಕೆಟ್ಟುಗಳನ್ನು ಎಣಿಸತೊಡಗಿದಳು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಕಲಬುರಗಿಯ ಕುಸನೂರಿನಲ್ಲಿರುವ ಹಳೆಯ ಮನೆ ನಮ್ಮದು. ಅವ್ವನಿಗೆ ಮೊಣಕಾಲು ನೋವು. ಸ್ನಾನಕ್ಕೆ ಅವಳು ಮನೆಯಿಂದ ಹಿತ್ತಿಲಿಗೆ ಇಳಿದು, ಎತ್ತರ ತಗ್ಗಾದ ಪರಸಿ ಕಲ್ಲುಗಳ ಮೇಲೆ ನಡೆದು, ಮತ್ತೆ ಬಚ್ಚಲಿಗೆ ಹತ್ತಬೇಕು. ಹೆಜ್ಜೆಗೊಮ್ಮೆ ಅವಳು "ಕೃಷ್ಣಾ" ಎನ್ನುತ್ತಿದ್ದಳು. ಮನೆ ಮತ್ತು ಬಚ್ಚಲಿನ ನಡುವಿನ ಜಾಗದಲ್ಲಿ ಅವಳಿಗೊಂದು ಕೋಣೆ ಕಟ್ಟಿದರೆ, ಹಾಸಿಗೆಯಿಂದ ಬಚ್ಚಲಿನವರೆಗೆ ಎಲ್ಲ ಸಪಾಟು. ಆದರೆ ಬಚ್ಚಲ ಪೈಪು ಸರಿಯಾಗಿ ಆ ಜಾಗದ ನಟ್ಟನಡುವೆಯೇ ಮಲಗಿತ್ತು. ಮೊದಲು ಅದನ್ನು ಎಬ್ಬಿಸಬೇಕಿತ್ತು.

ಈ ಸುದ್ದಿ ಕಮಲಾಪುರಕ್ಕೆ ಹೇಗೆ ಮುಟ್ಟಿತೋ ಕಾಣೆ. ಸುಧಾಳ ತಮ್ಮ ವೆಂಕಣ್ಣ ಮರುದಿನವೇ ಕೆಂಪು ಬಾಳೆಹಣ್ಣಿನ ಗೊನೆಯೊಂದಿಗೆ ಬಂದಿಳಿದ. ಅಲ್ಲಿ ಅವನದು ಬಾಳೆಯ ತೋಟ. ತೋಟಕ್ಕೆಲ್ಲ ತಾನೇ ಪೈಪು ಹಾಕಿದವನು.

"ಭಾವಾರ, ಪೈಪಿನ ಕೆಲಸಕ್ಕ ಹೊರಗಿನವ್ರು ಯಾಕ್ರೀ? ನನ್ನ ತೋಟದಾಗ ನೀರು ನಾ ಹೇಳಿದ ಕಡಿ ಹೋಗ್ತದ. ನೀವು ಫಿಕರ್ ಮಾಡಬ್ಯಾಡ್ರಿ."

"ಅಂವ ಬಾಳಿ ಬೆಳಿಯಾಂವ. ಒಬ್ಬ ಮನಿ ಕಟ್ಟೂ ಗೌಂಡಿನ್ನ ಕರೀರಿ," ಎಂದಳು ಸುಧಾ.

"ನಿನ್ನ ತಮ್ಮನ ಮ್ಯಾಲೆ ನಿನಗ ನಂಬಿಗಿ ಇಲ್ಲೇನು?"

"ಸಣ್ಣಾಂವ ಇದ್ದಾಗಿಂದ ನೋಡೀನಿ. ಅದಕ್ಕ ಹೇಳಾಕತ್ತೀನಿ."

ನಾನು ಕೇಳಲಿಲ್ಲ. ಬೀಗರ ಮರ್ಯಾದೆಯ ಪ್ರಶ್ನೆ ನೋಡಿ!

ರಸ್ತೆಯ ಗಟಾರಕ್ಕೆ ಹತ್ತಿರದ ದಾರಿಯೆಂದರೆ ದೇವರ ಮನೆಯ ಗೋಡೆಯ ಬದಿ. ಅಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಂತೆ ಅವ್ವ ಬಾಗಿಲಿಗೆ ಬಂದು ನಿಂತಳು.

"ಮೈ ತೊಳದ ನೀರು ದೇವರ ಗ್ವಾಡಿಗೆ ಹತ್ತಿ ಹರೀಬೇಕಾ? ನಾ ಇರೂತನಕ ಆಗಂಗಿಲ್ಲ."

ಸರಿ, ಇನ್ನೊಂದು ಬದಿಗೆ ಹೊರಳಿದೆವು. ಅಲ್ಲಿ ತುಳಸಿ ಕಟ್ಟೆ. ಅದಕ್ಕೂ ಪ್ರದಕ್ಷಿಣೆ ಹಾಕಿದೆವು. ಪೈಪು ಮನೆಯನ್ನೆಲ್ಲ ಸುತ್ತಿ ಗಟಾರಕ್ಕೆ ಬಂದಾಗ ನನಗೇ ದಾರಿ ತಪ್ಪಿದ ಹಾಗಾಗಿತ್ತು. "ಇಷ್ಟು ಉದ್ದಕ್ಕ ಇಳಿಜಾರು ಸಾಕಾಗ್ತದೇನೋ?" ಎಂದು ವೆಂಕಣ್ಣನನ್ನು ಕೇಳಿದೆ.

"ನೋಡೇ ಬಿಡೋಣಲ್ಲ," ಎಂದವನೇ ಅವನು ಬೋರಿನ ಮೋಟಾರಿನ ಪೈಪು ತಂದು ಬಚ್ಚಲ ತೂತಿಗೆ ಬಿಗಿದ. ಗುಂಡಿ ಒತ್ತಿದ. ಅಬ್ಬಾ, ಏನು ರಭಸ! ಆ ತುದಿಯಲ್ಲಿ ನೀರು ಗಟಾರ ಹಾರಿ ರಸ್ತೆಗೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ, ತೆಂಗಿನಕಾಯಿ ಒಡೆದೆ. ಅಮಾವಾಸ್ಯೆಯೊಳಗೆ ಮುಗಿಯಲಿ ಎಂದು ಅಂದೇ ಹಳೆಯ ಪೈಪು ಕಿತ್ತೆಸೆದು, ಹೊಸದರ ಮೇಲೆ ಮಣ್ಣು ಮುಚ್ಚಿ, ಪರಸಿ ಹಾಕಿ, ಸಿಮೆಂಟು ಬಳಿದೆವು. ವೆಂಕಣ್ಣ ಹೋಳಿಗೆ ಉಂಡು ಊರಿಗೆ ಹೋದ.

ಬೆಳಿಗ್ಗೆ ಅವ್ವ ಸ್ನಾನ ಮಾಡಿ, ಮಡಿ ಉಟ್ಟು, ಬಚ್ಚಲಿನಿಂದ ಹೊರಗೆ ಕಾಲಿಡಬೇಕು, ಹೋದ ನೀರು ತಿರುಗಿ ಬಂದು ಅವಳ ಪಾದ ಮುಟ್ಟಿತು. ಮಡಿ ಕೆಟ್ಟಿತು. ಅವ್ವ ಮತ್ತೆ ಸ್ನಾನ ಮಾಡಿದಳು. ಆ ನೀರು ಎಲ್ಲಿಗೆ ಹೋಗಬೇಕು? ಅದೂ ಬಂದು ಪಾದ ಮುಟ್ಟಿತು. ಮತ್ತೆ ಮಡಿ ಕೆಟ್ಟಿತು, ಮತ್ತೆ ಸ್ನಾನ. ನೀರು ಕಣಕಾಲು ದಾಟಿದ ಮೇಲೆ ಅವ್ವ ಒಳಗಿನಿಂದಲೇ ಕೂಗಿದಳು: "ನಾ ಹೊರಗ ಬರೂದದನೋ ಇಲ್ಲೋ?"

ನನಗೆ ಪಿತ್ತ ನೆತ್ತಿಗೇರಿತು. ಕಮಲಾಪುರಕ್ಕೆ ಫೋನ್ ಹಚ್ಚಿದೆ.

"ಮೋಟಾರ್ ಹಚ್ಚೀರೇನು?" ಎಂದು ಕೇಳಿದ ವೆಂಕಣ್ಣ.

"ಬಚ್ಚಲಕ್ಕ ಯಾರು ಮೋಟಾರ್ ಹಚ್ತಾರಲೇ?"

"ನಮ್ಮ ತೋಟದಾಗ ಮೋಟಾರ್ ಇಲ್ದ ನೀರು ಎಲ್ಲಿ ಹರೀತದ್ರೀ? ಸ್ನಾನಕ್ಕ ಕೂಡೂಮುಂದ ಚಾಲೂ ಮಾಡ್ರಿ."

"ಕರೆಂಟ್ ಹೋದ್ರ?"

"ಬಂದಮ್ಯಾಲೆ ಸ್ನಾನ ಮಾಡ್ರಿ."

ಫೋನ್ ಒಗೆಯಲಿಲ್ಲ ಅಷ್ಟೇ. ಇಂಥವನಿಗೆ ತುಪ್ಪ ಹಾಕಿ ಹೋಳಿಗೆ ಬಡಿಸಿದವನು ನಾನು! ಸುಧಾಳ ಕಡೆ ನೋಡಿದೆ. ಅವಳು ಬಕೆಟ್ಟಿನಿಂದ ನೀರು ತೋಡಿ ಹಿತ್ತಿಲಿಗೆ ಚೆಲ್ಲುತ್ತಿದ್ದಳು. "ಏನರ ಅಂದುಬಿಡು," ಎಂದೆ. "ನಾ ಏನಂದ್ರೂ ನನ್ನ ತವರುಮನಿಗೇ ಬಡೀತದ," ಎಂದಳು.

ಕೊನೆಗೆ ಗೌಂಡಿ ಬಂದ. ದಾರಿ ಎರಡೇ ಎಂದ. ಪೈಪನ್ನು ದೇವರ ಮನೆಯ ಬದಿಯಿಂದ ನೇರ ಒಯ್ಯಬೇಕು. ಇಲ್ಲವೇ ಬಚ್ಚಲಿನ ನೆಲವನ್ನೇ ಎತ್ತರಿಸಿ ಇಳಿಜಾರು ತರಬೇಕು. ನಾನು ಅವ್ವನ ಮುಖ ನೋಡಿದೆ. ಅವ್ವ ದೇವರ ಮನೆಯ ಕಡೆ ನೋಡಿದಳು. ತೀರ್ಪು ಆಗಿಹೋಯಿತು. ಬಚ್ಚಲು ಏರಿತು.

ಈಗ ಕೋಣೆಯೂ ಮುಗಿದಿದೆ. ಮನೆಯಿಂದ ಕೋಣೆಗೆ ಸಪಾಟು. ಕೋಣೆಯಿಂದ ಬಚ್ಚಲಿಗೆ ಮಾತ್ರ ಮೆಟ್ಟಿಲು, ಮೊದಲಿಗಿಂತಲೂ ಹೆಚ್ಚು, ಮೊದಲಿಗಿಂತಲೂ ಕಡಿದು. ಕೋಣೆಯನ್ನೂ ಏರಿಸೋಣವೆಂದರೆ ಆ ಮೆಟ್ಟಿಲು ಮನೆಯ ಬಾಗಿಲಿಗೆ ಬರುತ್ತಿದ್ದವು. ಅವ್ವನಿಗಂತೂ ಅವನ್ನು ಒಬ್ಬಳೇ ಹತ್ತಲಾಗುವುದಿಲ್ಲ. ದಿನಾ ಬೆಳಿಗ್ಗೆ ಅವಳನ್ನು ರೆಟ್ಟೆ ಹಿಡಿದು ಹತ್ತಿಸುವವನು, ಇಳಿಸುವವನು ನಾನೇ. ಅವಳನ್ನು ಮುಟ್ಟಬೇಕಾದ್ದರಿಂದ ಅವಳಿಗಿಂತ ಮೊದಲು ನಾನೂ ತಣ್ಣೀರು ಸುರಿದುಕೊಂಡು ಮಡಿಯಲ್ಲಿ ಗಡಗಡ ನಡುಗುತ್ತ ನಿಲ್ಲಬೇಕು.

ಮೊನ್ನೆ ಹೀಗೆ ಹತ್ತಿಸುವಾಗ ನನ್ನದೇ ಮೊಣಕಾಲು ಹಿಡಿದುಕೊಂಡಿತು. "ಕೃಷ್ಣಾ" ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಅವ್ವ ಗೋಡೆ ಹಿಡಿದು ಮೆಲ್ಲಗೆ ಇಳಿದು ಹೋಗಿ ತನ್ನ ನೋವಿನ ಎಣ್ಣೆಯ ಶೀಸೆ ತಂದು ನನ್ನ ಕೈಗಿಟ್ಟಳು.

"ಹಚ್ಚಿಕೋ ಮಗಾ," ಎಂದಳು. "ಸುಧಾನ ಮೊಳಕಾಲರ ಇನ್ನೂ ಛಲೋ ಅವ. ಅಕಿಗೂ ಒಂದು ಕೋಣಿ ಕಟ್ಟಾಕ ಹೋಗಬ್ಯಾಡ."