ಚಿಕ್ಕಮ್ಮನ ಬ್ಯಾಟರಿ ರೈಲು

ನಮ್ಮ ಚಿಕ್ಕಮ್ಮನಿಗೆ 'ಆಗಲ್ಲ' ಎಂಬ ಮಾತೊಂದು ಬಿಟ್ಟು ಪ್ರಪಂಚದ ಎಲ್ಲ ಸದ್ದೂ ಕೇಳಿಸುತ್ತದೆ. ಪಕ್ಕದ ಮನೆಯ ಒಗ್ಗರಣೆಯ ಚಟಪಟ ಕೇಳಿಯೇ ಸಾರೋ ಹುಳಿಯೋ ಹೇಳಬಲ್ಲರು! ಅಂಥವರ ಮುಂದೆ ಕಡೂರಿನ ಡಾಕ್ಟರು, ಪಾರ್ಶ್ವವಾಯು ಬಡಿದ ಚಿಕ್ಕಪ್ಪನ ಬಲಗೈ ತೋರಿಸಿ, "ಇದರ ಮೇಲೆ ಹೆಚ್ಚು ಆಸೆ ಇಟ್ಕೋಬೇಡಿ" ಅಂದುಬಿಟ್ಟರು.

"ಆಸೆ ನಂದು, ಎಷ್ಟಾದ್ರೂ ಇಟ್ಕೋತೀನಿ. ಏನ್ ಮಾಡಿಸ್ಬೇಕು, ಅದ್ನ ಹೇಳಿ."

ಡಾಕ್ಟರು ಹಿಸುಕುವುದಕ್ಕೆ ರಬ್ಬರ್ ಚೆಂಡು ಕೊಟ್ಟರು. ಅಜ್ಜಂಪುರದ ಮನೆಗೆ ಬಂದ ಚಿಕ್ಕಪ್ಪ ಅದನ್ನು ಎಡಗೈಯಲ್ಲಿ ಎತ್ತಿ ಬೆಕ್ಕಿಗೆ ಹೊಡೆದರು. ಗುರಿ ತಪ್ಪಲಿಲ್ಲ!

ಆಗಲೇ ಚಿಕ್ಕಮ್ಮ ಫೋನಿನಲ್ಲಿ ಒಂದು ವಿಡಿಯೊ ನೋಡಿದ್ದು. ತಾಮ್ರದ ಸುರುಳಿಯೊಳಗೆ ಪುಟ್ಟ ಬ್ಯಾಟರಿಯೊಂದು ರೈಲಿನಂತೆ ತಾನೇ ಓಡುತ್ತಿತ್ತು. ರೈಲಿನ ಸದ್ದು ಕೇಳಿದರೆ ನೋಡಲು ಊಟ ಬಿಟ್ಟು ಏಳುವ ಗಂಡನಿಗೆ ಇದೇ ಮದ್ದು ಎಂದು ತೀರ್ಮಾನವಾಯಿತು. ತರೀಕೆರೆಗೆ ಹೋಗಿ ತಂತಿ, ಬಿಲ್ಲೆಯಂಥ ಮ್ಯಾಗ್ನೆಟ್ಟು ತಂದರು. ಕಡೆಗೋಲಿನ ಹಿಡಿಗೆ ತಂತಿ ಸುತ್ತಿ ಸುರುಳಿ ಮಾಡಿದರು. ಮನೆಯಲ್ಲಿ ಮಜ್ಜಿಗೆ ಬಂದ್! ಬ್ಯಾಟರಿಯ ಎರಡು ತುದಿಗೂ ಮ್ಯಾಗ್ನೆಟ್ ಅಂಟಿಸಿ ಸುರುಳಿಯೊಳಗೆ ಬಿಟ್ಟರು. ರೈಲು ಅಲುಗಲಿಲ್ಲ.

"ಚಿಕ್ಕಮ್ಮಾ, ಇದು ಮೋಟಾರಿಗೆ ಸುತ್ತೋ ತಂತಿ. ಮೇಲೆ ವಾರ್ನಿಶ್ ಇದೆ, ಕರೆಂಟು ದಾಟಲ್ಲ" ಎಂದೆ.

ಮತ್ತೆ ತರೀಕೆರೆ ಬಸ್ಸು. "ತಾಮ್ರ ಕೇಳಿದ್ರೆ ಬಣ್ಣ ಬಳ್ದು ಕೊಡ್ತೀಯೇನಪ್ಪಾ?" ಎಂದು ಅಂಗಡಿಯವನನ್ನು ತರಾಟೆಗೆ ತೆಗೆದುಕೊಂಡರು.

"ಬಾವಿ ಮೋಟಾರಿಗೆ ಅಂದ್ಕೊಂಡೆ ಕಣಮ್ಮಾ."

"ನನ್ ಮುಖದಲ್ಲಿ ಬಾವಿ ಕಾಣ್ಸುತ್ತಾ?"

ಬರಿಯ ತಾಮ್ರದ ತಂತಿ ಬಂದರೂ ರೈಲು ಹಟ ಬಿಡಲಿಲ್ಲ. ನಾನು ಒಂದು ಮ್ಯಾಗ್ನೆಟ್ಟನ್ನು ತಿರುಗಿಸಿ, ಎರಡರದೂ ಒಂದೇ ಧ್ರುವ ಹೊರಗಿರುವಂತೆ ಅಂಟಿಸಿದೆ. ಸರ್ರನೆ ಓಡಿತು!

"ಹೆಂಗೋ ಇದು?"

"ಮ್ಯಾಗ್ನೆಟ್ಟು ತಂತಿಗೆ ತಾಗಿದಾಗ, ಬ್ಯಾಟರಿ ಇರೋ ಅಷ್ಟು ಸುರುಳೀಲಿ ಮಾತ್ರ ಕರೆಂಟು ಹರಿಯುತ್ತೆ. ಅಷ್ಟು ಸುರುಳಿಯೂ ಮ್ಯಾಗ್ನೆಟ್ ಆಗುತ್ತೆ. ಅದು ರೈಲಿನ ಒಂದು ತುದೀನ ತಳ್ಳುತ್ತೆ, ಇನ್ನೊಂದನ್ನ ಎಳೆಯುತ್ತೆ. ರೈಲು ಮುಂದಕ್ಕೆ ಹೋದಂಗೆ ಕರೆಂಟೂ ಜೊತೇಲೇ ಹೋಗುತ್ತೆ."

"ಗೊತ್ತಾಯ್ತು ಬಿಡು. ನಿಮ್ ಚಿಕ್ಕಪ್ಪನ್ನ ಮದುವೆಗೆ ಹೊರಡಿಸಿದಂಗೆ. ಹಿಂದಿಂದ ನಾನು ತಳ್ಳೋದು, ಮುಂದಿಂದ ಊಟ ಎಳೆಯೋದು!"

ಮಂಚದ ಪಕ್ಕ ಹಲಗೆಯ ಮೇಲೆ ಸುರುಳಿ ಸಿದ್ಧವಾಯಿತು. ಚಿಕ್ಕಪ್ಪ ಆಸೆಯಿಂದ ಎಡಗೈ ಚಾಚಿದರು. ಚಿಕ್ಕಮ್ಮ ಬ್ಯಾಟರಿಯನ್ನು ಹಿಂದಕ್ಕೆಳೆದುಕೊಂಡರು. "ಎಡಗೈಗೆ ಟಿಕೆಟ್ಟಿಲ್ಲ!"

"ಆ ಕೈಲಿ ಎಲ್ಲಿ ಆಗುತ್ತೆ? ಯಾಕೆ ಹಿಂಸೆ ಕೊಡ್ತೀಯೇ?" ಎಂದು ಚಿಕ್ಕಪ್ಪನ ಅಕ್ಕ ಕಣ್ಣೊರೆಸಿಕೊಂಡರು.

"ಅತ್ತಿಗೆ, ಅಳೋರು ಜಗಲೀಲಿ ಕೂತ್ಕೊಳ್ಳಿ."

ದಿನವೂ ಚಿಕ್ಕಮ್ಮ ಬಲ ಅಂಗೈಯಲ್ಲಿ ಬ್ಯಾಟರಿ ಇಡುವರು, ಅದು ಜಾರಿ ಬೀಳುವುದು, ಚಿಕ್ಕಪ್ಪ ಮುಖ ತಿರುಗಿಸುವರು, ಚಿಕ್ಕಮ್ಮ ಎತ್ತಿ ಮತ್ತೆ ಇಡುವರು. ಯಾರ ಹಟ ದೊಡ್ಡದು ಎಂದು ಬೆಕ್ಕೂ ಕೂತು ನೋಡುತ್ತಿತ್ತು!

ಒಂದು ಬೆಳಿಗ್ಗೆ ಬ್ಯಾಟರಿ ಬೀಳಲಿಲ್ಲ. ಬೆರಳುಗಳು ನಡುಗುತ್ತಲೇ ಅದನ್ನು ಸುರುಳಿಯ ಬಾಯಿಗೆ ಒಯ್ದು ತಳ್ಳಿದವು. ರೈಲು ಓಡಿ ಚಿಕ್ಕಮ್ಮನ ಅಂಗೈಗೆ ಬಂದು ಬಿತ್ತು. ನಾವೆಲ್ಲ ಕೂಗಿದೆವು.

ಚಿಕ್ಕಪ್ಪ, ಇನ್ನೊಮ್ಮೆ ಬೇಕೆಂದು, ಹೊದಿಕೆಯ ಮೇಲಿಂದ ಬಲಗೈಯನ್ನು ಇಷ್ಟೇ ಇಷ್ಟು ಎತ್ತಿ ಚಾಚಿದರು. ಚಿಕ್ಕಮ್ಮ ಆ ಕೈಗೆ ಬ್ಯಾಟರಿ ಕೊಡಲಿಲ್ಲ. ತಮ್ಮ ಕೈಯನ್ನೇ ಇಟ್ಟರು.