ಕಿಟಕಿಯಲ್ಲಿ ಬೆಳೆದ ಹಕ್ಕರಕಿ

ಐವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಬೀಜ ಮೊಳೆಯುವುದನ್ನು ಕಂಡ ಮನುಷ್ಯನ ಕೈಗೆ ಬೆಳೆಯನ್ನು ಒಪ್ಪಿಸಬಾರದು. ಇದು ನನ್ನ ಅನುಭವದ ಮಾತು. ವಿಜಯಪುರದವನು ಎಂದ ಕೂಡಲೇ ಜನ ‘ಹೊಲ ಎಷ್ಟೆಕರೆ?’ ಎನ್ನುತ್ತಾರೆ. ನಮ್ಮಪ್ಪ ಜವಳಿ ಅಂಗಡಿಯಲ್ಲಿ ಗುಮಾಸ್ತ. ಬಾಲ್ಯದಲ್ಲಿ ನಾನು ಹತ್ತಿರದಿಂದ ಕಂಡ ಹಸಿರೆಲ್ಲ ಸೀರೆಯ ಮೇಲಿನದು.

ಈ ಸಲ ಶಿವರಾತ್ರಿಗೆ ಮುಂಚೆ ನನ್ನ ಹೆಂಡತಿ ಗಿರಿಜೆಗೆ ಟೈಫಾಯ್ಡ್ ಬಂತು. ಜ್ವರ ಬಿಟ್ಟರೂ ಬಾಯಿರುಚಿ ಮರಳಲಿಲ್ಲ. ಎರಡು ತುತ್ತು ಗಂಜಿ ಉಂಡು ತಟ್ಟೆ ಸರಿಸುವಳು. “ಹಕ್ಕರಕಿ ಇದ್ದಿದ್ರ ಒಂದು ರೊಟ್ಟಿ ತಿಂತಿದ್ನೇನೋ” ಎಂದಳು. ಬಿಸಿ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಹಸಿಯಾಗಿಯೇ ತಿನ್ನುವ ನಮ್ಮ ಕಡೆಯ ಸೊಪ್ಪು ಅದು. ನಾವೀಗ ಇರುವ ಕಾಂದಿವಲಿಯ ಮಾರ್ಕೆಟ್ಟಿನ ಭಾಜಿವಾಲನಿಗೆ ಕೈಬಾಯಿ ಸನ್ನೆ ಮಾಡಿ ವರ್ಣಿಸಿದೆ. ಅವನು ಮೆಂತ್ಯ ತೋರಿಸಿದ, ಪಾಲಕ್ ತೋರಿಸಿದ, ಕೊನೆಗೆ ನನಗೇ ದಾರಿ ತೋರಿಸಿ ಕಳಿಸಿದ. ಅಷ್ಟರಲ್ಲಿ ಊರಿಂದ ಬಂದ ಭಾವಮೈದ ಒಂದು ಚಿಟಿಕೆ ಬೀಜ ತಂದುಕೊಟ್ಟ. ಹಳೆಯ ಪೇಂಟ್ ಡಬ್ಬಿಗಳಿಗೆ ಮಣ್ಣು ತುಂಬಿ, ಕಿಟಕಿಯ ಗ್ರಿಲ್ಲಿನಲ್ಲಿಟ್ಟು ಬಿತ್ತಿದೆ.

ಐದನೆಯ ದಿನ ಬೆಳಿಗ್ಗೆ ನೋಡುತ್ತೇನೆ, ಊದಿದರೆ ಹಾರಿಹೋಗುವಂಥ ಬೀಜ ಮಣ್ಣಿನ ಹೆಂಟೆಯನ್ನೇ ತಲೆಯ ಮೇಲೆ ಎತ್ತಿಕೊಂಡು ನಿಂತಿದೆ! ಬಾಯಲ್ಲಿ ಬ್ರಷ್ ಇಟ್ಟುಕೊಂಡು ಹಾಗೇ ನಿಂತುಬಿಟ್ಟೆ. ಇದಕ್ಕೆ ಮೇಲೆ ಯಾವುದು, ಕೆಳಗೆ ಯಾವುದು ಎಂದು ಹೇಳಿದವರಾರು? ಈ ಊರಿಗೆ ಬಂದು ಮೂವತ್ತು ವರ್ಷವಾದರೂ ನನಗೆ ಲೋಕಲ್ ರೈಲಿನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆಂದು ಗೊತ್ತಾಗುವುದಿಲ್ಲ. ಆ ವಾರ ವಿಲೆ ಪಾರ್ಲೆಯ ಆಫೀಸಿಗೆ ಮೂರು ದಿನ ತಡವಾಯಿತು. ಕಾರಣ ಕೇಳಿದ ಸಾಹೇಬರಿಗೂ ಮೊಳಕೆಯ ಫೋಟೋ ತೋರಿಸಿದೆ. ಗಿರಿಜೆ ಮಾತ್ರ ದಿನಾ ಒಂದೇ ಕೇಳುವಳು: “ತಿನ್ನಾಕ ಬಂತೇನ್ರೀ?”

ಯುಗಾದಿಯ ಮುಂಚಿನ ಭಾನುವಾರ ಬಂತು. ಬಿಸಿಲು ಏರುವ ಮೊದಲೇ ಬೆಳೆದ ಸೊಪ್ಪಷ್ಟನ್ನೂ ಕೊಯ್ದೆ. ಒಳಗೆ ಗಿರಿಜೆ ತಿಂಗಳ ನಂತರ ತಾನಾಗಿ ಒಲೆಯ ಮುಂದೆ ನಿಂತು ರೊಟ್ಟಿ ಬಡಿಯತೊಡಗಿದ್ದಳು. ಆ ಸಪ್ಪಳ ಕೇಳಿ ನನ್ನ ಎದೆ ಉಬ್ಬಿತು. ಬೆಳೆದಿದ್ದನ್ನು ನಾಲ್ಕು ಮನೆಗೆ ಕೊಟ್ಟು ತಿನ್ನಬೇಕು ಎಂಬುದು ನಮ್ಮ ಕಡೆಯ ರೂಢಿ. ಎಕರೆಗಟ್ಟಲೆ ಬೆಳೆದವರು ಮಾಡಿದ ರೂಢಿಯದು, ಡಬ್ಬಿಯಲ್ಲಿ ಬೆಳೆದವನು ಯೋಚಿಸಬೇಕಿತ್ತು. ಮೊದಲ ಮನೆಯಲ್ಲಿ ಹೊಗಳಿದರು, ಎರಡನೆಯದಕ್ಕೆ ಹೋದೆ. ನಾಲ್ಕನೆಯ ಮನೆ ಮುಗಿದಾಗ ನನ್ನ ಕೈಯಲ್ಲಿ ಉಳಿದದ್ದು ಬರಿಯ ಬುಟ್ಟಿ.

ಗಿರಿಜೆ ತಟ್ಟೆಯಲ್ಲಿ ರೊಟ್ಟಿ, ಚಟ್ನಿ ಹಾಕಿಕೊಂಡು ಕೂತಿದ್ದಳು. ಬುಟ್ಟಿ ನೋಡಿದಳು, ಬಯ್ಯಲಿಲ್ಲ. “ನಾ ಈ ಮನ್ಯಾಗ ಇರೋದ ತಪ್ಪಾತು. ಬಾಜೂ ಮನ್ಯಾಗ ಇದ್ದಿದ್ರ ನನಗೂ ಕೊಡ್ತಿದ್ರಿ” ಎಂದು ತಟ್ಟೆ ಸರಿಸಿದಳು. ಬಯ್ದಿದ್ದರೆ ಚೆನ್ನಾಗಿತ್ತು. ಅದೇ ಬುಟ್ಟಿ ಹಿಡಿದು ಮತ್ತೆ ಆ ನಾಲ್ಕು ಮನೆಗಳ ಕಡೆ ಹೊರಟೆ.

ಕೊಟ್ಟಿದ್ದನ್ನು ಮರಳಿ ಕೇಳುವುದು ಹೇಗಿರುತ್ತದೆಂದು ಅಂದು ತಿಳಿಯಿತು. ಒಂದು ಮನೆಯಲ್ಲಿ ಸೊಪ್ಪು ಆಗಲೇ ಬಾಣಲೆಗೆ ಬಿದ್ದಿತ್ತು, ಇನ್ನೊಂದರಲ್ಲಿ ಗಿಳಿಯ ಪಂಜರದಲ್ಲಿತ್ತು. ಮೂರನೆಯವರು ಊರಿಗೆ ಹೊರಟು ಬೀಗ ಹಾಕಿದ್ದರು. ಎದುರು ಫ್ಲಾಟಿನ ಮಾಲತಿ ಕಾಕು ಮಾತ್ರ, ಹೇಗೆ ತಿನ್ನುವುದೆಂದು ತಿಳಿಯದೆ, ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನನ್ನ ಮುಖ ನೋಡಿದವರೇ, “ಅರೇ ಭಾವೂಜಿ, ಗಿರಿಜಾ ವೈನಿಗೇ ಇಲ್ವಾ? ಕಮಾಲ್ ಆಹೆ ತುಮ್ಚಿ!” ಎಂದು ಕನ್ನಡಕ್ಕೆ ಮರಾಠಿ ಬೆರೆಸಿ ನನ್ನನ್ನು ಗದರಿ, ತಾವೇ ತಂದು ಗಿರಿಜೆಯ ತಟ್ಟೆಗೆ ಹಾಕಿದರು.

ಗಿರಿಜೆ ರೊಟ್ಟಿ ಮುರಿದು, ಎಲೆಯಲ್ಲಿ ಚಟ್ನಿ ಸುತ್ತಿ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಒಂದು ರೊಟ್ಟಿ ಮುಗಿಸಿ ಇನ್ನೊಂದಕ್ಕೆ ಕೈಹಾಕಿದಳು. ಬೀಜ ಮೊಳೆತಾಗಲೂ ನಾನು ಹೀಗೆ ಬೆರಗಾಗಿರಲಿಲ್ಲ. ಒಂದು ಮೆಚ್ಚುಗೆಯ ಮಾತಿಗಾಗಿ ಪಕ್ಕದಲ್ಲೇ ಕಾದು ನಿಂತೆ.

ಅವಳು ಕಣ್ಣು ತೆರೆದು, ತುಂಬುಹೃದಯದಿಂದ ಹೇಳಿದಳು: “ಹಕ್ಕರಕಿ ಭಾಳ ಚಲೋ ಐತ್ರಿ, ಕಾಕು. ನೀವಾದ್ರೂ ನೆನಪಿಟ್ಟು ತಂದ್ರಿ.”