ದಿಂಬು ತುಂಬುವವನ ಗಲ್ಲ

ಆ ದಿನ ಹುಣಸೂರಿನ ನಮ್ಮ ಹಾಸಿಗೆ ಅಂಗಡಿಯಲ್ಲಿ ವಿಶೇಷವೇನೂ ನಡೆಯಲಿಲ್ಲ. ನಾನು ದಿಂಬಿಗೆ ಹತ್ತಿ ತುಂಬುತ್ತಿದ್ದೆ, ನನ್ನ ಹೆಂಡತಿ ಜಯಮ್ಮ ಬಾಯಿ ಹೊಲಿಯುತ್ತಿದ್ದಳು. ದಿಂಬಿನ ಬಾಯಿ, ನನ್ನದು ಅವಳ ಮುಂದೆ ತಾನಾಗಿಯೇ ಮುಚ್ಚಿರುತ್ತಿತ್ತು. ಹೊಲಿಯುವ ಮೊದಲು ದಿಂಬಿಗೆ ಗಲ್ಲ ಒತ್ತಿ, ಕಣ್ಣು ಮುಚ್ಚಿ ನೋಡುವುದು ಅವಳ ಪದ್ಧತಿ. ಅಂದೂ ನೋಡಿದಳು. "ಇನ್ನೊಂದ್ ಹಿಡಿ ಆಕ್ರಿ, ಜಿಪುಣ್ತನ ಮಾಡ್ಬ್ಯಾಡಿ" ಅಂದಳು. ಹಾಕಿದೆ. ಮಾರನೆಯ ಬೆಳಿಗ್ಗೆ ಎದೆನೋವು ಎಂದು ಆಸ್ಪತ್ರೆಗೆ ಹೋದವಳು ತಿರುಗಿ ಬರಲಿಲ್ಲ.

ದುಃಖ ಕೆಲವರ ಕೂದಲಿಗೆ ಬರುತ್ತದೆ, ಕೆಲವರ ಮಂಡಿಗೆ. ನನಗೆ ಗಲ್ಲಕ್ಕೆ ಬಂತು. ವರ್ಷ ತುಂಬುವುದರೊಳಗೆ ಎರಡೂ ಕಡೆ ಗುಳಿ ಬಿತ್ತು. ಹೊಟ್ಟೆಗೆ ಮಾತ್ರ ಸುದ್ದಿ ಇನ್ನೂ ತಲುಪಿರಲಿಲ್ಲ. ಅದು ಮೊದಲಿನ ಹಾಗೆಯೇ ಅಂಗಿಯ ಗುಂಡಿ ಎಳೆಯುತ್ತಾ ಕೂತಿತ್ತು. ಜಯಮ್ಮನ ಕೆಲಸವೂ ಈಗ ನನ್ನದೇ ಆದ್ದರಿಂದ ದಿಂಬಿಗೆ ನಾನೇ ಗಲ್ಲ ಒತ್ತಿ ನೋಡತೊಡಗಿದೆ. ಯಾವ ದಿಂಬೂ ನನ್ನ ಗುಳಿಯನ್ನು ಮುಟ್ಟಲೊಲ್ಲದು. ಕಡಿಮೆಯಾಯಿತು ಎಂದು ಇನ್ನೊಂದು ಹಿಡಿ, ಮತ್ತೊಂದು ಹಿಡಿ ತುಂಬಿದೆ. ಹಾರನಹಳ್ಳಿಯ ಗಿರಾಕಿಯೊಬ್ಬರು ಕತ್ತು ವಾರೆ ಮಾಡಿಕೊಂಡೇ ವಾಪಸ್ಸು ತಂದರು. "ಇದು ದಿಂಬಲ್ಲ ಕಣಣ್ಣ, ರಾಗಿ ಮೂಟೆ!" ಎಂದು ಬೈಯಲು ಬಂದವರು ನನ್ನ ಮುಖ ನೋಡಿ, ಜಯಮ್ಮನನ್ನು ನೆನೆದು, ಅತ್ತು ಹೋದರು. ಬೈದಿದ್ದರೇ ಚೆನ್ನಾಗಿತ್ತು.

ಅಷ್ಟರಲ್ಲಿ ಮಗಳು ಸವಿತಾಳಿಗೆ ಪಿರಿಯಾಪಟ್ಟಣದ ಕಡೆ ಸಂಬಂಧ ಕೂಡಿಬಂತು. ನಿಶ್ಚಿತಾರ್ಥದ ದಿನ ಬಂದ ಹೆಂಗಸರೆಲ್ಲ ನನ್ನ ಮುಖ ನೋಡಿದ ಕೂಡಲೇ ಸೆರಗು ಕಣ್ಣಿಗೆ ಒತ್ತಿಕೊಂಡರು. ಸವಿತಾ ಸಂಜೆ ಮೆಲ್ಲಗೆ ಹೇಳಿದಳು: "ಅಪ್ಪಾ, ಅವ್ವನ್ನ ನೆನಿಯೋದು ಬ್ಯಾಡ ಅನ್ನಲ್ಲ. ಆದ್ರೆ ಮದ್ವೆ ದಿನ ಒಂದ್ ದಿವ್ಸ ಆದ್ರೂ ಎಲ್ರೂ ನಗ್ಬೇಕು ಕಣಪ್ಪ."

ಆ ಒಂದು ದಿನಕ್ಕಾಗಿ ಮೈಸೂರಿನಲ್ಲಿ ಮುಖ ತಿದ್ದುವ ಡಾಕ್ಟರಮ್ಮನೊಬ್ಬರ ಮುಂದೆ ಹೋಗಿ ಕೂತೆ. ಅವರು ಎರಡು ದಾರಿ ಹೇಳಿದರು. ಒಂದು, ಫಿಲ್ಲರ್: ಸಿರಿಂಜಿನಲ್ಲಿ ಬರುವ ಜೆಲ್ಲನ್ನು ಗಲ್ಲಕ್ಕೆ ಚುಚ್ಚಿದರೆ ಅಂದೇ ತುಂಬುತ್ತದೆ, ಬರಬರುತ್ತಾ ಕರಗುತ್ತದೆ. ಇನ್ನೊಂದು, ನನ್ನದೇ ಹೊಟ್ಟೆಯ ಕೊಬ್ಬು ತೆಗೆದು, ಶುದ್ಧಮಾಡಿ ಗಲ್ಲಕ್ಕೆ ಕೂರಿಸುವುದು. ಸ್ವಲ್ಪ ಕರಗುತ್ತದೆ, ಹಿಡಿದುಕೊಂಡದ್ದು ಉಳಿಯುತ್ತದೆ. ನಮ್ಮ ಕಸುಬೇ! ಕುಳಿಬಿದ್ದ ಹಾಸಿಗೆಗೆ ಹೊಸ ಹತ್ತಿ ಹಾಕಬಹುದು. ಇಲ್ಲವೇ ಒಂದು ಕಡೆ ಗಂಟುಕಟ್ಟಿದ ಹಳೇ ಹತ್ತಿಯನ್ನೇ ಬಿಡಿಸಿ ಹಿಂಜಿ ಕುಳಿಗೆ ತುಂಬಬಹುದು. ಜೆಲ್ಲು ಯಾವ ಕಂಪನಿಯದೋ. ಹೊಟ್ಟೆಯದಾದರೆ ಜಯಮ್ಮನ ಮುದ್ದೆ, ಅವರೆಕಾಳಿನ ಸಾರು, ಬೇಡವೆಂದರೂ ಬಡಿಸಿದ ತುಪ್ಪ. "ಹಳೇದೇ ಇರ್ಲಿ ಮೇಡಂ, ಕರಗುತ್ತೆ ಅಂದ್ರಲ್ಲ, ಇನ್ನೊಂದ್ ಹಿಡಿ ಜಾಸ್ತಿ ಹಾಕ್ಬಿಡಿ" ಅಂದೆ. ಅವರು ನಕ್ಕರು: "ಯಜಮಾನ್ರೇ, ಇದು ಚಮಚದ ಲೆಕ್ಕ, ಹಿಡಿ ಲೆಕ್ಕ ಅಲ್ಲ."

ಅದನ್ನು ಮಾಡಿಸಿಕೊಂಡು ಊರಿಗೆ ಬಂದೆ. ಎದುರಿನ ಪಾತ್ರೆ ಅಂಗಡಿಯ ಮಾದಪ್ಪ ನನ್ನ ಬಾಲ್ಯದ ಗೆಳೆಯ. "ಒಟ್ಟೆ ಕಿತ್ತು ಮೊಕಕ್ಕೆ ಆಕುಸ್ಕಂಡ್ಯೇನ್ಲಾ? ಇನ್ ಮುದ್ದೆ ಎಲ್ಲಿಗ್ ಇಳಿತದೆ ನೋಡ್ಕಳ್ಲಾ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ. ಮುಖ ಊದಿಕೊಂಡಿದ್ದಾಗ ನನ್ನನ್ನು ನೋಡಲು ಅವನು ದಿನವೂ ಬಂದ, ಮರುಕದಿಂದಲ್ಲ, ನಗುವುದಕ್ಕೆ. ಬಹಳ ದಿನದ ಮೇಲೆ ನನ್ನ ಮುಖ ನೋಡಿ ಒಬ್ಬರು ನಕ್ಕಿದ್ದರು. ಊತ ಇಳಿಯಿತು. ಕರಗುವುದು ಕರಗಿ, ಉಳಿಯುವುದು ಉಳಿಯಿತು. ಸವಿತಾ ಒಂದು ಬೆರಳಿನಿಂದ ಮುಟ್ಟಿ, "ಅವ್ವನ್ ತುಪ್ಪಾನಾ?" ಎಂದು ನಕ್ಕಳು.

ಮದುವೆ ಇನ್ನೇನು ಬಂತು. ಅವಳ ಹೊಸ ಮನೆಗೆ ಕಳಿಸುವ ದಿಂಬುಗಳನ್ನು ನಿನ್ನೆ ತುಂಬಿದೆ. ಇನ್ನು ಗಲ್ಲ ಒತ್ತಬಹುದು ಎಂದು ಡಾಕ್ಟರಮ್ಮ ಹೇಳಿದ್ದರಿಂದ, ಕಣ್ಣು ಮುಚ್ಚಿ ದಿಂಬಿಗೆ ಒತ್ತಿ ನೋಡಿದೆ. ಹದವಾಗಿದೆ ಅನ್ನಿಸಿತು. ಆದರೂ ಬಾಯಿ ಹೊಲಿಯದೆ, ಕೈಯಲ್ಲಿ ಒಂದು ಹಿಡಿ ಹತ್ತಿ ಹಿಡಿದುಕೊಂಡು, 'ಇನ್ನೊಂದ್ ಹಿಡಿ ಆಕ್ರಿ' ಅನ್ನುವ ಮಾತಿಗೆ ಕಾಯುತ್ತಾ ಕೂತಿದ್ದೆ. ಗಲ್ಲ ತುಂಬಿದೆ, ದಿಂಬು ತುಂಬಿದೆ. ಜಯಮ್ಮ ಇಲ್ಲ.